ಹೆಸರುಗಳ ಜಾಡು ಹಿಡಿದು ಹೊಸ ಸಂಗೀತದತ್ತ

ಪ್ರಾಯೋಗಿಕ ಮತ್ತು ಎಲೆಕ್ಟ್ರಾನಿಕ್ ಸಂಗೀತದ ಎಷ್ಟೋ ಆಲ್ಬಂಗಳು ನೂರೋ ಇನ್ನೂರೋ ಕ್ಯಾಸೆಟ್ಟುಗಳಾಗಿ ಹೊರಬಂದು, ಹೆಚ್ಚುಕಡಿಮೆ ಅಷ್ಟೇ ಮಂದಿ ಕೇಳುಗರ ನಡುವೆ ಉಳಿದುಬಿಡುತ್ತವೆ. ಹಾಡು ಕೇಳಿಸುವ ದೊಡ್ಡ ಆ್ಯಪ್‌ಗಳ ಶಿಫಾರಸು ಬಹುಮಟ್ಟಿಗೆ ನಿಂತಿರುವುದು ನನ್ನಂತೆ ಕೇಳುವ ಇತರರು ಇನ್ನೇನನ್ನು ಕೇಳಿದರು ಎಂಬ ಲೆಕ್ಕದ ಮೇಲೆ; ಕೇಳಿದವರೇ ಬೆರಳೆಣಿಕೆಯಷ್ಟಿರುವಾಗ ಆ ಲೆಕ್ಕಕ್ಕೆ ಆಧಾರವೇ ಸಿಗುವುದಿಲ್ಲ. ಆದ್ದರಿಂದ ಹಲವು ವರ್ಷಗಳಿಂದ ನಾನು ಅನುಸರಿಸುತ್ತ ಬಂದಿರುವ ದಾರಿ ಬೇರೆ. ಒಂದು ಆಲ್ಬಂ ಮನಸ್ಸಿಗೆ ಹಿಡಿಸಿದರೆ ಅದಕ್ಕಾಗಿ ದುಡಿದವರ ಹೆಸರುಗಳನ್ನೆಲ್ಲ ಓದುತ್ತೇನೆ, ಮುಂದಿನ ಆಲ್ಬಂ ಯಾವುದೆಂಬುದನ್ನು ಆ ಹೆಸರುಗಳೇ ತೋರಿಸುತ್ತವೆ.

ನನಗೆ ಬಹಳ ಪ್ರಿಯವಾದ ಒಂದು ಜಾಡನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಇದ್ದ ಒಂದು ಸ್ಟುಡಿಯೊ ಸಿದ್ಧವಾಯಿತು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಮತ್ತು ಜಿನರಾಜ್ ಜೋಶಿಪುರ ಅಲ್ಲಿ ಮುದ್ರಿಸಿದ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲೇ ಉಳಿದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನು ಪತ್ತೆಹಚ್ಚಿದರು; 1969ರಿಂದ 1972ರವರೆಗಿನ ಈ ಧ್ವನಿಮುದ್ರಣಗಳ ಸಂಕಲನ ‘ದಿ ಎನ್‌ಐಡಿ ಟೇಪ್ಸ್’ ಎಂಬ ಹೆಸರಿನಲ್ಲಿ 2023ರಲ್ಲಿ ಬಿಡುಗಡೆಯಾಯಿತು. ಗೀತಾ ಸಾರಾಭಾಯಿ ಅವರು 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಪ್ರಯೋಗಶೀಲ ಸಂಯೋಜಕ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತದ ಪಾಠ ಹೇಳಿದವರು ಎಂಬುದು ನೆನಪಿದ್ದರೆ, ಈ ಟೇಪುಗಳನ್ನು ಕೇಳುವ ಕಿವಿಯೇ ಬದಲಾಗುತ್ತದೆ: ಪಶ್ಚಿಮದಿಂದ ಯಂತ್ರ ಬಂತು, ನಮ್ಮವರು ಕಲಿತರು ಎಂಬ ಸರಳ ಕಥೆ ಅಲ್ಲಿಗೇ ಬಿದ್ದುಹೋಗುತ್ತದೆ.

ಸಂಕಲನವನ್ನು ಮೆಚ್ಚಿ ಅಲ್ಲಿಗೇ ನಿಲ್ಲಬಹುದಿತ್ತು. ನಾನು ಪರ್ಗಸ್ ಎಂಬ ಹೆಸರನ್ನು ಹಿಡಿದು ಮುಂದೆ ಹೋದೆ. ಅವರು ಜೇಮ್ಸ್ ಗಿನ್ಜ್‌ಬರ್ಗ್ ಅವರೊಡನೆ ಎಂಪ್ಟಿಸೆಟ್ ಎಂಬ ಜೋಡಿಯಲ್ಲಿ ಕೆಲಸ ಮಾಡುವವರು. ಈ ಜೋಡಿ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದ್ದು. ಕಟ್ಟಡವೊಂದರ ಒಳಗೆ ಶಬ್ದವನ್ನು ಹರಿಯಬಿಟ್ಟು, ಆ ಜಾಗ ಅದಕ್ಕೆ ಹೇಗೆ ಉತ್ತರಿಸುತ್ತದೆ ಎಂಬುದನ್ನು ಮುದ್ರಿಸುವುದು ಅವರ ಒಂದು ಮುಖ್ಯ ವಿಧಾನ. ವೇಲ್ಸ್‌ನಲ್ಲಿ ಕೆಲಸ ನಿಲ್ಲಿಸಿದ್ದ ಟ್ರಾಸ್‌ವಿನಿತ್ ಅಣುವಿದ್ಯುತ್ ಸ್ಥಾವರದೊಳಗೂ ಅವರು ಹೀಗೆ ಮುದ್ರಿಸಿದ್ದಾರೆ. ಗಿನ್ಜ್‌ಬರ್ಗ್ ಹೆಸರು ನನ್ನನ್ನು ಸಬ್‌ಟೆಕ್ಸ್ಟ್ ಎಂಬ ಲೇಬಲ್ಲಿಗೆ (ಸಂಗೀತ ಪ್ರಕಾಶನ ಸಂಸ್ಥೆಗೆ) ಕರೆದೊಯ್ದಿತು, ಅಲ್ಲಿ ರೋಲಿ ಪೋರ್ಟರ್ ಮತ್ತು ಪಾಲ್ ಜೆಬನಸಮ್ ಎಂಬ ಕಲಾವಿದರು ಸಿಕ್ಕರು. ಅಹಮದಾಬಾದಿನ ಟೇಪಿನಿಂದ ಹೊರಟ ಹುಡುಕಾಟ ಬ್ರಿಸ್ಟಲ್‌ನ ಗಾಢವಾದ ಸದ್ದಿನ ಲೋಕವನ್ನು ಮುಟ್ಟಿತ್ತು. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ಯಾವ ಆ್ಯಪ್ ಕೂಡ ನನಗೆ ಕೊಟ್ಟಿರಲಿಲ್ಲ.

ಈ ಬಗೆಯ ಹುಡುಕಾಟಕ್ಕೆ ನನ್ನ ಮೊದಲ ಸಾಧನ ಡಿಸ್ಕಾಗ್ಸ್. 2000ದಲ್ಲಿ ಆರಂಭವಾದ, ರೆಕಾರ್ಡುಗಳ ವಿವರಗಳ ಈ ಆನ್‌ಲೈನ್ ದತ್ತಸಂಚಯವನ್ನು ಬೆಳೆಸಿರುವವರು ಅದರ ಬಳಕೆದಾರರೇ. ಆದ್ದರಿಂದಲೇ ಅಲ್ಲಿ ರೆಕಾರ್ಡಿನ ಒಳ ಅಂಚಿನಲ್ಲಿ ಕೆತ್ತಿದ ಅಕ್ಷರಗಳವರೆಗಿನ ವಿವರ ಸಿಗುತ್ತದೆ. ಕಲಾವಿದರ ಹೆಸರಿಗಿಂತ ನಾನು ಮೊದಲು ನೋಡುವುದು ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಕೆಲಸ, ಮಾಡಿದವರ ಹೆಸರನ್ನು. ಬರ್ಲಿನ್‌ನ ಡಬ್‌ಪ್ಲೇಟ್ಸ್ ಆ್ಯಂಡ್ ಮಾಸ್ಟರಿಂಗ್ ಎಂಬ ಸ್ಟುಡಿಯೊದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ರಶಾದ್ ಬೆಕರ್ ಅವರ ಹೆಸರನ್ನು ಒತ್ತಿದರೆ, ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಕಾಣುವ ಹತ್ತಾರು ಸಣ್ಣ ಲೇಬಲ್‌ಗಳು ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಅವರಲ್ಲಿಗೆ ತಮ್ಮ ಕೆಲಸವನ್ನು ಕಳಿಸಿದವರು ಸದ್ದಿನ ಗುಣದ ಬಗ್ಗೆ ಯೋಚಿಸಿದವರು ಎಂಬ ನಂಬಿಕೆಯಿಂದ ಆ ಪಟ್ಟಿಯಲ್ಲಿ ನಾನು ಧೈರ್ಯವಾಗಿ ಅಪರಿಚಿತ ಹೆಸರುಗಳನ್ನು ಆರಿಸಿಕೊಳ್ಳುತ್ತೇನೆ, ಮತ್ತು ಬಹುಪಾಲು ಸಲ ಕೇಳಲು ಯೋಗ್ಯವಾದದ್ದೇ ಸಿಕ್ಕಿದೆ.

ಎರಡನೆಯದು ಬ್ಯಾಂಡ್‌ಕ್ಯಾಂಪ್, ಕಲಾವಿದರು ಮತ್ತು ಲೇಬಲ್‌ಗಳು ತಮ್ಮ ಸಂಗೀತವನ್ನು ನೇರವಾಗಿ ಕೇಳುಗರಿಗೆ ಮಾರುವ ಜಾಲತಾಣ. ಅಲ್ಲಿ ಆಲ್ಬಂ ಪುಟವೊಂದನ್ನು ತೆರೆದಾಗ ನನ್ನ ಕಣ್ಣು ಸಾಗುವ ಕ್ರಮ ಹೀಗಿದೆ: ಮೊದಲು ಹಾಡುಗಳ ಪಟ್ಟಿಯ ಕೆಳಗಿನ ಟಿಪ್ಪಣಿ ಮತ್ತು ಸಹಾಯ ಮಾಡಿದವರ ಹೆಸರುಗಳು, ನಂತರ ಟ್ಯಾಗ್‌ಗಳು (ಸಂಗೀತದ ಬಗೆ, ಊರು ಮೊದಲಾದವನ್ನು ಸೂಚಿಸುವ ಪದಗಳು), ಕೊನೆಗೆ ಮುಖಪುಟದ ಚಿತ್ರದ ಬಳಿ ಸಾಲಾಗಿ ಕಾಣುವ ಚಿಕ್ಕ ಚೌಕದ ಚಿತ್ರಗಳು. ಆ ಚಿಕ್ಕ ಚಿತ್ರಗಳು ಆಲ್ಬಂ ಕೊಂಡವರವು. ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡ ಸಂಗೀತವೆಲ್ಲ ತೆರೆದುಕೊಳ್ಳುತ್ತದೆ. ಅಪರೂಪದ ಎರಡು ಮೂರು ಆಲ್ಬಂಗಳು ನಮ್ಮಿಬ್ಬರಲ್ಲೂ ಇದ್ದರೆ ನಾನು ಆ ಕೇಳುಗನನ್ನು ಫಾಲೋ ಮಾಡುತ್ತೇನೆ. ಬರೀ ಮೆಚ್ಚುಗೆ ಒತ್ತಿದವರಿಗಿಂತ ದುಡ್ಡು ಕೊಟ್ಟು ಕೊಂಡವರ ಆಯ್ಕೆಯ ಮೇಲೆ ನನಗೆ ಹೆಚ್ಚು ಭರವಸೆ.

ಟ್ಯಾಗ್‌ಗಳಲ್ಲಿ ‘ಎಲೆಕ್ಟ್ರಾನಿಕ್’ ಎಂಬಂಥ ದೊಡ್ಡ ಪದದಿಂದ ಹೆಚ್ಚು ಪ್ರಯೋಜನವಿಲ್ಲ. ಊರಿನ ಹೆಸರು ಬಹಳ ಕೆಲಸಕ್ಕೆ ಬರುತ್ತದೆ. ಉಗಾಂಡಾದ ರಾಜಧಾನಿ ಕಂಪಾಲಾದ ಹೆಸರಿನಿಂದ ಹುಡುಕಿದರೆ ನ್ಯೆಗೆ ನ್ಯೆಗೆ ಟೇಪ್ಸ್ ಲೇಬಲ್ಲಿನ ಸುತ್ತ ಬೆಳೆದ ಸಂಗೀತ ಎದುರಾಗುತ್ತದೆ. ನಮ್ಮ ರಾಜ್ಯದ ರಾಜಧಾನಿಯನ್ನು ಮಾತ್ರ ಬೆಂಗಳೂರು, ಬ್ಯಾಂಗಲೋರ್ ಎಂದು ಎರಡು ಕಾಗುಣಿತದಲ್ಲೂ ಹುಡುಕಬೇಕು. ಇಲ್ಲಿಯದೇ ಆದ ಸಲ್ಕ್ ಸ್ಟೇಷನ್ ಜೋಡಿಯಲ್ಲಿ ತನ್ವಿ ರಾವ್ ಅವರ ಹಿಂದೂಸ್ತಾನಿ ತರಬೇತಿಯ ಕಂಠ ಮತ್ತು ರಾಹುಲ್ ಗಿರಿ ಅವರ ನಿಧಾನಗತಿಯ ಎಲೆಕ್ಟ್ರಾನಿಕ್ ರಚನೆ ಕೂಡಿಕೊಂಡವು. 2012ರಲ್ಲಿ ಅವರ ಮೊದಲ ಆಲ್ಬಂ ಬಂತು. ರಾಹುಲ್ ಗಿರಿ ಹೆಸರನ್ನು ಹಿಂಬಾಲಿಸಿದವರಿಗೆ ಅವರು ಕಟ್ಟಿದ ಕನ್ಸಾಲಿಡೇಟ್ ಎಂಬ ಲೇಬಲ್ ಸಿಗುತ್ತದೆ, ಅದರ ಮೂಲಕ ಈ ಊರಿನ ಇನ್ನಷ್ಟು ಕಲಾವಿದರು ಸಿಗುತ್ತಾರೆ. ಬೆಂಗಳೂರಿನಲ್ಲಿ ಇಂಥದ್ದೇನೂ ನಡೆಯುವುದಿಲ್ಲ ಎನ್ನುವ ಗೆಳೆಯರಿಗೆ ನಾನು ಮೊದಲು ಕಳಿಸುವ ಕೊಂಡಿ ಇದೇ.

ಆನ್‌ಲೈನ್ ರೇಡಿಯೊವನ್ನು ಕೆಲಸ ಮಾಡುತ್ತ ಕೇಳುತ್ತೇನೆ. ಲಂಡನ್ನಿನ ಎನ್‌ಟಿಎಸ್ ಮತ್ತು ದೆಹಲಿಯ ಬಾಕ್ಸ್‌ಔಟ್ ಇವೆರಡೂ ನನ್ನ ರೂಢಿಯಲ್ಲಿವೆ. ಎನ್‌ಟಿಎಸ್‌ನ ಹಳೆಯ ಕಾರ್ಯಕ್ರಮಗಳ ಜೊತೆ ಹಾಡುಗಳ ಪಟ್ಟಿ ಸಿಗುವುದರಿಂದ ಕಿವಿ ನಿಮಿರಿದ ಕ್ಷಣವನ್ನು ಆಮೇಲೆ ಹುಡುಕಿ ಹಿಡಿಯಬಹುದು.

ಹೀಗೆ ಸಿಕ್ಕಿದ್ದನ್ನು ಹೆಡ್‌ಫೋನ್ ಹಾಕಿ ಒಮ್ಮೆ ಪೂರ್ತಿ ಕೇಳಿದ ಮೇಲೆಯೇ ಕೊಳ್ಳುವ ತೀರ್ಮಾನ ಮಾಡುತ್ತೇನೆ. ಮೊಬೈಲಿನ ಸ್ಪೀಕರಿನಲ್ಲಿ ಈ ಸಂಗೀತದ ಅರ್ಧ ಭಾಗ ಕೇಳಿಸುವುದೇ ಇಲ್ಲ. ವಿದೇಶದ ಅಂಚೆವೆಚ್ಚ ರೆಕಾರ್ಡಿನ ಬೆಲೆಯನ್ನೇ ಮುಟ್ಟುವುದರಿಂದ ಹೆಚ್ಚಾಗಿ ಡಿಜಿಟಲ್ ರೂಪದಲ್ಲೇ ಕೊಳ್ಳುತ್ತೇನೆ. ಅದಕ್ಕಾಗಿ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪ್ ಮೂಲಕ ಚಾಲೂ ಮಾಡಿಕೊಂಡಿರಬೇಕು. ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ ಡಿಜಿಟಲ್ ಮಾರಾಟದ ಶೇ. 15ರಷ್ಟನ್ನು ತಾನು ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಆರಂಭಿಸಿದ ವಿಶೇಷ ಶುಕ್ರವಾರಗಳಂದು ಆ ಪಾಲನ್ನು ಬಿಟ್ಟುಕೊಡುತ್ತದೆ. ತುರ್ತಿಲ್ಲದಿದ್ದರೆ ನಾನು ಆ ಶುಕ್ರವಾರಕ್ಕೆ ಕಾಯುತ್ತೇನೆ.

ಬ್ಯಾಂಡ್‌ಕ್ಯಾಂಪ್ ಕಂಪನಿ 2022ರಲ್ಲಿ ವಿಡಿಯೊ ಗೇಮ್ ಸಂಸ್ಥೆ ಎಪಿಕ್ ಗೇಮ್ಸ್‌ಗೂ, ಮರುವರ್ಷವೇ ಸಂಗೀತ ಪರವಾನಗಿಯ ಸಂಸ್ಥೆ ಸಾಂಗ್‌ಟ್ರೇಡರ್‌ಗೂ ಮಾರಾಟವಾಯಿತು. ಅಂದಿನಿಂದ ಕೊಂಡ ದಿನವೇ ಫ್ಲ್ಯಾಕ್ (ಧ್ವನಿಯ ಗುಣಮಟ್ಟ ಕುಂದದ ರೂಪದ) ಕಡತಗಳನ್ನು ಇಳಿಸಿಕೊಂಡು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡುತ್ತಿದ್ದೇನೆ. ಆಲ್ಬಂ ಪುಟದಲ್ಲಿರುವ ಹೆಸರುಗಳ ಪಟ್ಟಿಯನ್ನು ನಕಲಿಸಿ, ಹಾಡುಗಳಿರುವ ಫೋಲ್ಡರಿನಲ್ಲೇ ಒಂದು ಟೆಕ್ಸ್ಟ್ ಕಡತವಾಗಿ ಉಳಿಸುತ್ತೇನೆ. ಅದರ ಮೊದಲ ಸಾಲಿನಲ್ಲಿ ಯಾವ ಆಲ್ಬಂನಿಂದ, ಯಾರ ಹೆಸರಿನ ಮೂಲಕ ಇದು ಸಿಕ್ಕಿತು ಎಂದು ಬರೆದಿಡುತ್ತೇನೆ.