ಕಚೇರಿಯಿಲ್ಲದವರ ಸೈಕಲ್ ದಾರಿ: ಫ್ರೀಲ್ಯಾನ್ಸ್ ದುಡಿಮೆಯ ನಡುವೆ ವ್ಯಾಯಾಮವನ್ನು ಹೊಂದಿಸಿಕೊಳ್ಳುವುದು ಹೇಗೆ?

ಅನುವಾದ, ವಿನ್ಯಾಸ, ಸಂಪಾದನೆ, ಕೋಡಿಂಗ್ ಮುಂತಾದ ಕೆಲಸಗಳನ್ನು ಮನೆಯಿಂದಲೇ ಸ್ವತಂತ್ರವಾಗಿ ಮಾಡುವವರು ಬೆಂಗಳೂರಿನ ಬೆಳಗಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳಬೇಕಾಗಿಲ್ಲ. ಆದರೆ ಈ ಅನುಕೂಲವೇ ಕಾಲಕ್ರಮದಲ್ಲಿ ಮೈಗೆ ಮುಳುವಾಗುತ್ತದೆ. ಕಚೇರಿಗೆ ಹೋಗುವವರು ಬಸ್ ಸ್ಟಾಪಿನವರೆಗಾದರೂ ನಡೆಯುತ್ತಾರೆ, ಮೆಟ್ರೋ ನಿಲ್ದಾಣದ ಮೆಟ್ಟಿಲನ್ನಾದರೂ ಹತ್ತಿಳಿಯುತ್ತಾರೆ. ಮನೆಯಲ್ಲೇ ದುಡಿಯುವವರಿಗೆ ಅಷ್ಟೂ ಇರುವುದಿಲ್ಲ. ಕೆಲಸ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬ ಗಡಿಯೂ ಉಳಿಯುವುದಿಲ್ಲ. ಆದ್ದರಿಂದ ವ್ಯಾಯಾಮವನ್ನು ಬಿಡುವು ಸಿಕ್ಕಾಗ ಮಾಡೋಣವೆಂದು ಮುಂದೂಡುವ ಬದಲು, ಕೆಲಸಕ್ಕೆ ಹೋಗುವ ದಾರಿಯೊಂದನ್ನು ನಾವೇ ಹಾಕಿಕೊಂಡು, ಅದನ್ನು ಸೈಕಲ್ ಮೇಲೆ ಕ್ರಮಿಸುವುದು ಹೆಚ್ಚು ಬಾಳಿಕೆಯ ಉಪಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಷ್ಟು ವ್ಯಾಯಾಮ ಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಸ್ಪಷ್ಟ ಉತ್ತರ ಕೊಡುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಅಥವಾ 75ರಿಂದ 150 ನಿಮಿಷಗಳ ಬಿರುಸಾದ ಚಟುವಟಿಕೆ ಬೇಕು. ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಇರಬೇಕು. ಮಾತಾಡಲು ಸಾಧ್ಯವಾಗಿ, ಹಾಡಲು ಆಗದಷ್ಟು ಉಸಿರು ಏರಿದರೆ ಅದು ಸಾಧಾರಣ ಶ್ರಮ. ಹೋಗಲು 25 ನಿಮಿಷ, ಬರಲು 25 ನಿಮಿಷ ಹಿಡಿಯುವ ಸ್ಥಳಕ್ಕೆ ವಾರದಲ್ಲಿ ನಾಲ್ಕು ದಿನ ಇಂಥ ವೇಗದಲ್ಲಿ ಸೈಕಲ್ ತುಳಿದರೆ 200 ನಿಮಿಷಗಳಾಗುತ್ತವೆ.

ಹೊರಡುವ ಹೊತ್ತನ್ನು ನಿರ್ಧರಿಸುವ ಮೊದಲು ನಿಮ್ಮ ಗ್ರಾಹಕರು ಯಾವ ದೇಶದಲ್ಲಿದ್ದಾರೆ ಎಂಬುದನ್ನು ನೋಡಿಕೊಳ್ಳಿ. ಲಂಡನ್ನಿನಲ್ಲಿ ಬೆಳಗಿನ 9 ಗಂಟೆಯೆಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30, ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆಯೆಂದರೆ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಅಂದರೆ ಪಶ್ಚಿಮದ ಗ್ರಾಹಕರಿಗೆ ದುಡಿಯುವವರಿಗೆ ಬೆಳಗಿನ ಹೊತ್ತು ಬಹುಮಟ್ಟಿಗೆ ತಮ್ಮದೇ ಆಗಿರುತ್ತದೆ, ಸಂಜೆಯ ಹೊತ್ತನ್ನು ನಂಬುವಂತಿರುವುದಿಲ್ಲ. ಮಾರ್ಚ್ ಮತ್ತು ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಅಲ್ಲಿನ ಗಡಿಯಾರ ಬದಲಾದಾಗ ನಮ್ಮ ಕರೆಗಳೂ ಒಂದು ಗಂಟೆ ಸರಿಯುವುದರಿಂದ, ಸೈಕಲ್ಲಿನ ವೇಳಾಪಟ್ಟಿಯನ್ನೂ ಆಗಲೇ ತಿದ್ದಿಕೊಳ್ಳುವುದು ಒಳ್ಳೆಯದು. ರಾತ್ರಿ ಹನ್ನೊಂದರವರೆಗೆ ಕರೆಯಲ್ಲಿದ್ದವರು ಬೆಳಗಿನ ಐದೂವರೆಗೆ ಎದ್ದು ಸೈಕಲ್ ಹತ್ತುವುದನ್ನು ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟ ಕಣ್ಣುಗಳು ರಸ್ತೆಯಲ್ಲೂ ಮೋಸ ಮಾಡುತ್ತವೆ, ಪರದೆಯ ಮುಂದೆಯೂ ಮೋಸ ಮಾಡುತ್ತವೆ. ಅಂಥ ದಿನ ಹತ್ತೂವರೆ, ಹನ್ನೊಂದರ ಸುಮಾರಿಗೆ, ಕಚೇರಿಗಳಿಗೆ ಹೋಗುವವರ ಭರಾಟೆ ತಗ್ಗಿದ ಮೇಲೆ ಹೊರಡಬಹುದು. ಹೀಗೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಸಂಬಳದ ಕೆಲಸದಲ್ಲಿರುವ ಅನೇಕರಿಗೆ ಇಲ್ಲ. ಇರುವವರು ಅದನ್ನು ಬಳಸಿಕೊಳ್ಳಬೇಕು.

ಇನ್ನು ಹೋಗುವುದೆಲ್ಲಿಗೆ? ಸುತ್ತು ಹಾಕಿ ಮನೆಗೆ ಮರಳುವುದಕ್ಕಿಂತ ಒಂದು ಸ್ಥಳ ತಲುಪಿ, ಅಲ್ಲಿ ಎರಡು ಮೂರು ಗಂಟೆ ಕೆಲಸ ಮಾಡಿ ಹಿಂದಿರುಗುವುದು ಲೇಸು, ಏಕೆಂದರೆ ಹೋದ ಮೇಲೆ ಬರಲೇಬೇಕಾಗುತ್ತದೆ. ಅದು ಬಡಾವಣೆಯ ಗ್ರಂಥಾಲಯವಾಗಬಹುದು, ಕೋವರ್ಕಿಂಗ್ ಜಾಗವಾಗಬಹುದು, ಸ್ನೇಹಿತರ ಕಚೇರಿಯ ಖಾಲಿ ಮೇಜೂ ಆಗಬಹುದು. ಉದಾಹರಣೆಗೆ, ಜಯನಗರದ ಸೌತ್ ಎಂಡ್ ವೃತ್ತದಿಂದ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಸುಮಾರು 6 ಕಿಲೋಮೀಟರ್. ಓದುವುದು, ಪ್ರೂಫ್ ತಿದ್ದುವುದು ಮೊದಲಾದ ಸದ್ದಿಲ್ಲದ ಕೆಲಸಗಳನ್ನು ಇಂಥ ಜಾಗಕ್ಕೆ ಮೀಸಲಿಟ್ಟು, ಫೋನ್ ಕರೆಗಳನ್ನು ಮನೆಗೆ ಉಳಿಸಿಕೊಳ್ಳಬಹುದು. ದಾರಿಯನ್ನು ಕಾರಿನವರ ಕಣ್ಣಿನಿಂದ ಆರಿಸಬೇಡಿ. ನಕ್ಷೆ ತೋರಿಸುವ ಮುಖ್ಯರಸ್ತೆಗಿಂತ ಒಂದು ಕಿಲೋಮೀಟರ್ ಹೆಚ್ಚಾದರೂ ಮರಗಳಿರುವ ಒಳರಸ್ತೆಗಳೇ ಮೇಲು. ಏಕಮುಖ ಸಂಚಾರದ ರಸ್ತೆಗಳಿಂದಾಗಿ ಬರುವ ದಾರಿ ಬೇರೆಯಾಗಬಹುದಾದ್ದರಿಂದ ಎರಡನ್ನೂ ಮೊದಲೇ ಒಮ್ಮೆ ತುಳಿದು ನೋಡಿ. ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ, ಬಹಳ ವರ್ಷಗಳ ನಂತರ ಮತ್ತೆ ಸೈಕಲ್ ಹಿಡಿಯುವವರಿಗೆ ಅದು ಒಳ್ಳೆಯ ಅಭ್ಯಾಸದ ಜಾಗ. ಮನೆ ತೀರಾ ದೂರವಿದ್ದರೆ ಮಡಚುವ ಸೈಕಲ್ ಕೊಳ್ಳುವುದನ್ನು ಯೋಚಿಸಿ. ನಿಗದಿತ ಅಳತೆ, ತೂಕಗಳ ಮಿತಿಯೊಳಗೆ ಅದನ್ನು ನಮ್ಮ ಮೆಟ್ರೋದಲ್ಲಿ ಒಯ್ಯಲು ಅವಕಾಶವಿದೆ.

ಕೀಬೋರ್ಡಿನ ಮೇಲೆ ಅನ್ನ ಸಂಪಾದಿಸುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅಂಗೈಗಳಿಗೆ. ಸೈಕಲ್ ತುಳಿದ ಮೇಲೆ ಕಿರುಬೆರಳು, ಉಂಗುರಬೆರಳುಗಳಲ್ಲಿ ಜುಮ್ಮೆನ್ನುವ ಅನುಭವವಾಗುತ್ತಿದ್ದರೆ, ಅಂಗೈಯ ಹೊರಬದಿಯಲ್ಲಿ ಸಾಗುವ ಅಲ್ನಾರ್ ನರ ಹ್ಯಾಂಡಲ್‌ಗೆ ಒತ್ತಿಕೊಳ್ಳುತ್ತಿರಬಹುದು. ಅದೇ ಕೈ ಮುಂದೆ ಆರು ಗಂಟೆ ಟೈಪ್ ಮಾಡಬೇಕು. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈಭಾರವೆಲ್ಲ ಜಾರಿ ಕೈಗಳ ಮೇಲೆ ಬೀಳುತ್ತದೆ. ಮೊದಲು ಅದನ್ನು ಮಟ್ಟ ಮಾಡಿ. ಹ್ಯಾಂಡಲ್ ತೀರಾ ತಗ್ಗಿದ್ದರೆ ಏರಿಸಿಕೊಳ್ಳಿ, ಮೊಣಕೈಯನ್ನು ತುಸು ಮಡಿಸಿಡಿ, ಮಣಿಕಟ್ಟು ಹಿಂದಕ್ಕೆ ಬಾಗದಂತೆ ನೋಡಿಕೊಳ್ಳಿ, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಕೈ ತೆಗೆದು ಬೆರಳುಗಳನ್ನು ಆಡಿಸಿ. ಸೀಟಿನ ಎತ್ತರಕ್ಕೆ ಸುಲಭವಾದ ಪರೀಕ್ಷೆಯಿದೆ: ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಇಷ್ಟೆಲ್ಲ ಸರಿಪಡಿಸಿದ ಮೇಲೂ ಜುಮ್ಮೆನ್ನುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಲ್ಯಾಪ್‌ಟಾಪನ್ನು ಬೆನ್ನಿಗೆ ನೇತುಹಾಕಿಕೊಂಡರೆ ಬೆನ್ನು ಬೆವರುತ್ತದೆ, ಭುಜ ನೋಯುತ್ತದೆ. ಹಿಂದಿನ ಕ್ಯಾರಿಯರ್‌ಗೆ ಸಿಕ್ಕಿಸುವ ಚೀಲದಲ್ಲಿ, ದಪ್ಪನೆಯ ಕವಚದೊಳಗೆ ಅದನ್ನಿಟ್ಟು, ಚೀಲದ ಮೇಲೆ ಮಳೆಯ ಹೊದಿಕೆ ಹಾಕಿ. ಬೆಂಗಳೂರಿನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಂಜೆಯ ಮಳೆ ಯಾವಾಗ ಬಂದೀತೆಂದು ಹೇಳಲಾಗದು, ಆದ್ದರಿಂದ ಆ ತಿಂಗಳುಗಳಲ್ಲಿ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಹಿಂದಿರುಗುವಂತೆ ಕೆಲಸ ಹೊಂದಿಸಿಕೊಳ್ಳಿ. ನೆನೆದ ರಸ್ತೆಯ ಬಿಳಿಪಟ್ಟೆಗಳೂ ಚರಂಡಿಯ ಕಬ್ಬಿಣದ ಮುಚ್ಚಳಗಳೂ ಜಾರುತ್ತವೆ, ನಿಂತ ನೀರಿನ ಕೆಳಗೆ ಗುಂಡಿ ಇರಬಹುದು. ನಿಲ್ಲಿಸಿದ ಕಾರುಗಳಿಂದ ಯಾವಾಗಲೂ ಒಂದು ಮೀಟರ್ ದೂರವಿರಿ, ಬಾಗಿಲು ಹಠಾತ್ತನೆ ತೆರೆದುಕೊಳ್ಳುವುದುಂಟು. ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಗಟ್ಟಿಯಾದ ಬೀಗ, ಪಂಕ್ಚರ್ ಕಿಟ್, ಚಿಕ್ಕ ಪಂಪ್ ಇವಿಷ್ಟು ಸದಾ ಜೊತೆಗಿರಲಿ.

ಸೈಕಲ್ ಒಂದರಿಂದಲೇ ದೇಹದ ಅಗತ್ಯವೆಲ್ಲ ಪೂರೈಸುವುದಿಲ್ಲ. ಕುರ್ಚಿಯಲ್ಲೂ ಸೀಟಿನ ಮೇಲೂ ಸೊಂಟ ಮಡಿಚಿಯೇ ಇರುವುದರಿಂದ ತೊಡೆಸಂದಿಯ ಸ್ನಾಯುಗಳು ಬಿಗಿಯುತ್ತವೆ, ಪೃಷ್ಠ ಮತ್ತು ಮೇಲ್ಬೆನ್ನಿನ ಸ್ನಾಯುಗಳಿಗೆ ಕೆಲಸ ಸಾಲುವುದಿಲ್ಲ. ಸೈಕಲ್ ಹತ್ತದ ಎರಡು ದಿನ ಅರ್ಧ ಗಂಟೆ ಬಸ್ಕಿ, ಸೇತುಬಂಧಾಸನ, ಪ್ಲ್ಯಾಂಕ್, ನೀರು ತುಂಬಿದ ಕ್ಯಾನನ್ನು ಬಾಗಿ ಮೇಲಕ್ಕೆಳೆಯುವ ವ್ಯಾಯಾಮ ಇಷ್ಟು ಮಾಡಿದರೆ ಸಾಕು, ಜಿಮ್ ಅನಿವಾರ್ಯವಲ್ಲ.

ಡೆಡ್‌ಲೈನ್ ಇರುವ ವಾರದಲ್ಲಿ ಈ ಕ್ರಮ ಮುರಿದುಬೀಳುವುದು ಸಹಜ. ಅದಕ್ಕೆಂದೇ ಕಿರಿದಾದ ಇನ್ನೊಂದು ಯೋಜನೆ ಇಟ್ಟುಕೊಳ್ಳಿ: ಗ್ರಂಥಾಲಯದ ದಾರಿಯನ್ನು ಬಿಟ್ಟು, ದಿನಸಿ, ತರಕಾರಿ, ಕೊರಿಯರ್, ಬ್ಯಾಂಕಿನ ಕೆಲಸಗಳಿಗೆ ಮಾತ್ರ ಸೈಕಲ್ಲಿನಲ್ಲಿ ಹೋಗಿಬನ್ನಿ. ಕೆಲಸ ಒಪ್ಪಿಸಿದ ಮರುದಿನವೇ ಕಳೆದ ವಾರದ ಬಾಕಿ ತೀರಿಸಲು ಇಪ್ಪತ್ತೈದು ಕಿಲೋಮೀಟರ್ ತುಳಿಯಬೇಡಿ. ಆ ದಿನ ದೇಹ ಕೇಳುವುದು ನಿದ್ದೆಯನ್ನು.

ಕೊನೆಗೆ ಹಣದ ಮಾತು. ನಮಗೆ ಸಂಬಳಸಹಿತ ರಜೆಯಿಲ್ಲ, ಬಿದ್ದು ಕೈ ಮುರಿದರೆ ಆದಾಯವೂ ನಿಲ್ಲುತ್ತದೆ. ಆರೋಗ್ಯ ವಿಮೆ ಆಸ್ಪತ್ರೆಯ ಖರ್ಚನ್ನು ಭರಿಸುತ್ತದೆಯೇ ಹೊರತು ನಿಂತ ದುಡಿಮೆಯನ್ನು ತುಂಬಿಕೊಡುವುದಿಲ್ಲ. ವೈಯಕ್ತಿಕ ಅಪಘಾತ ವಿಮೆ ಕೊಳ್ಳುವಾಗ, ತಾತ್ಕಾಲಿಕ ಅಸಾಮರ್ಥ್ಯದ ಅವಧಿಗೆ ವಾರಕ್ಕಿಷ್ಟೆಂದು ಹಣ ಕೊಡುವ ಸೌಲಭ್ಯ ಆ ಪಾಲಿಸಿಯಲ್ಲಿದೆಯೇ ಎಂದು ಕೇಳಿಕೊಳ್ಳಿ. ಹಾಗೆಯೇ ಹೊಸ ಗ್ರಾಹಕರಿಗೆ ದರ ಹೇಳುವ ಮುನ್ನ, ದಿನಕ್ಕೆ ಎಂಟು ಗಂಟೆ ದುಡಿಯುವ ಲೆಕ್ಕ ಹಾಕದೆ, ಸೈಕಲ್ಲಿನ ಒಂದು ಗಂಟೆಯನ್ನೂ ಕಾಯಿಲೆಯ ದಿನಗಳನ್ನೂ ಕಳೆದು ಉಳಿಯುವ ಗಂಟೆಗಳ ಮೇಲೆ ದರ ನಿಗದಿಮಾಡಿ.