ಪ್ರಾರ್ಥನೆಯ ಹಾಜರಿ ನೋಡಿ ಆರೈಕೆ ಅಳೆದೆ: ನನ್ನ ಅನುಭವ

ಕಾನ್ವೆಂಟಿನ ವಯಸ್ಸಾದ ಸಿಸ್ಟರ್‌ಗಳ, ಅಂದರೆ ಕ್ರೈಸ್ತ ಸನ್ಯಾಸಿನಿಯರ, ಇನ್‌ಫರ್ಮರಿ (ಆರೈಕೆ ಮನೆ) ನಡೆಸುವವರಿಗೆಲ್ಲ ಗೊತ್ತಿರುವ ಮಾತು: ಇಲ್ಲಿ ಯಾರೂ ದೂರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ದುಡಿದು ಬಂದ ನನ್ನಂಥ ನರ್ಸ್‌ಗೆ ಮೊದಮೊದಲು ಇದು ಹಿತವಾಗಿರುತ್ತದೆ. ಆಮೇಲೆ ತಲೆಬಿಸಿ ಶುರು. ಅರವತ್ತು ವರ್ಷ ವಿಧೇಯತೆಯ ವ್ರತ ಪಾಲಿಸಿದವರನ್ನು ‘ನೋವಿದೆಯಾ ಸಿಸ್ಟರ್?’ ಅಂತ ಕೇಳಿದರೆ ‘ದೇವರಿಗೆ ಸ್ತೋತ್ರ, ಪರವಾಗಿಲ್ಲ’ ಅನ್ನುತ್ತಾರೆ. ಸೊಂಟದ ಮೂಳೆ ಬಿರುಕು ಬಿಟ್ಟಿದ್ದಾಗಲೂ ಒಬ್ಬರು ನನಗೆ ಹೇಳಿದ್ದು ಇಷ್ಟೇ.

ನಮ್ಮಲ್ಲಿ ಇದ್ದವರು 30–35 ಮಂದಿ. ಅರ್ಧಕ್ಕಿಂತ ಜಾಸ್ತಿ ಜನ 80 ದಾಟಿದವರು. ಬಾರ್ಥೆಲ್ (ದಿನದ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ), ಬ್ರೇಡನ್ (ಮಲಗಿ ಮಲಗಿ ಹುಣ್ಣಾಗುವ ಅಪಾಯ ಎಷ್ಟು) ಸ್ಕೋರ್ ಎಲ್ಲ ಫೈಲಿನಲ್ಲಿ ಬರೆದಿಡುತ್ತಿದ್ದೆವು. ಅದರಿಂದ ಯಾರ ಸ್ಥಿತಿ ಹೇಗಿದೆ, ಯಾರಿಗೆ ಎಷ್ಟು ಅಪಾಯ ಅಂತ ತಿಳಿಯುತ್ತಿತ್ತು, ನಮ್ಮ ಕೆಲಸ ಹೇಗಿದೆ ಅಂತ ತಿಳಿಯುತ್ತಿರಲಿಲ್ಲ.

ಮೊದಲು ಪ್ರಶ್ನೆಪತ್ರಿಕೆ ಹಂಚಿದೆವು. ಎಲ್ಲರೂ ಎಲ್ಲದಕ್ಕೂ ಪೂರ್ತಿ ಅಂಕ ಕೊಟ್ಟರು. ಒಬ್ಬ ಸಿಸ್ಟರ್ ಅಂತೂ ಮದರ್ (ಕಾನ್ವೆಂಟಿನ ಮುಖ್ಯಸ್ಥೆ) ಹತ್ತಿರ ಹೋಗಿ ‘ಇದರಲ್ಲಿ ಏನು ಬರೆಯಲಿ?’ ಅಂತ ಅಪ್ಪಣೆ ಕೇಳಿದರು! ಆಮೇಲೆ ಸಲಹೆ ಪೆಟ್ಟಿಗೆ ಇಟ್ಟೆವು. ಒಂದು ತಿಂಗಳ ನಂತರ ತೆರೆದರೆ ಒಳಗೆ ಪ್ರಾರ್ಥನೆ ಕೋರಿಕೆಯ ಚೀಟಿಗಳು. ಒಂದರಲ್ಲಿ ‘ನಮ್ಮ ನರ್ಸ್‌ಗಾಗಿ, ಅವಳ ಸಿಟ್ಟು ಕಡಿಮೆಯಾಗಲಿ’ ಅಂತಿತ್ತು. ಸಲಹೆ ಅಂತ ಬಂದದ್ದು ಅದೊಂದೇ.

ಪ್ರತಿ ಮಂಚಕ್ಕೂ ಕರೆಗಂಟೆ ಹಾಕಿಸಿದ್ದು ದೊಡ್ಡ ಖರ್ಚು. ರಾತ್ರಿ ಯಾರೂ ಒತ್ತಲಿಲ್ಲ. ‘ಪಾಪ, ಆ ಹುಡುಗಿ ಈಗ ತಾನೇ ಕಣ್ಣು ಮುಚ್ಚಿದ್ದಾಳೆ’ ಅಂತ ತಾವೇ ಗೋಡೆ ಹಿಡಿದು ಬಾತ್‌ರೂಮಿಗೆ ಹೊರಡುತ್ತಿದ್ದರು, ಬೀಳುತ್ತಿದ್ದರು. ಗಾಳಿ ಹಾಸಿಗೆ ನಾಲ್ಕೈದು ತಂದೆವು. ಒಂದು ಹಾಸಿಗೆ ಅಂದರೆ ಒಬ್ಬ ಆಯಾಳ ಎರಡು ತಿಂಗಳ ಸಂಬಳ. ಬೆನ್ನಿನ ಹುಣ್ಣು ಕಡಿಮೆಯಾಯಿತು, ಹಿಮ್ಮಡಿ ಹುಣ್ಣು ಹಾಗೇ ಉಳಿಯಿತು. ಹಿಮ್ಮಡಿ ಗಾಳಿಯಲ್ಲಿ ನಿಲ್ಲುವ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು. ಅದಕ್ಕೆ ದುಡ್ಡು ಬೇಡ, ನೆನಪು ಬೇಕು.

ಬೊಕ್ಕಸ ನೋಡುವ ಸಿಸ್ಟರ್ ಮುಖ ಗಂಟಿಕ್ಕಿದ್ದರು. ತಪ್ಪೇನಿಲ್ಲ ಬಿಡಿ. ಈ ಮನೆಗೆ ಬರುವ ದುಡ್ಡು ಇನ್ನೂ ದುಡಿಯುತ್ತಿರುವ ಸಿಸ್ಟರ್‌ಗಳ ಸಂಬಳ. ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ನಮ್ಮ ಮಂಚಗಳ ಸಂಖ್ಯೆ ಏರುತ್ತಿದೆ.

ಒಂದು ಸಂಜೆ ಚಾಪೆಲ್‌ನ ಕೊನೆ ಬೆಂಚಿನಲ್ಲಿ ಕೂತಿದ್ದಾಗ ದಾರಿ ಹೊಳೆಯಿತು. ಇವರು ಊಟ ಬಿಟ್ಟಾರು, ಪ್ರಾರ್ಥನೆ ಬಿಡುವವರಲ್ಲ. ಹಾಗಿದ್ದರೆ ಒಬ್ಬರು ಪ್ರಾರ್ಥನೆಗೆ ಬರಲಿಲ್ಲ ಅಂದರೆ ಏನೋ ಇದೆ. ನಡುವೆ ಎದ್ದು ಹೋದರೂ ಏನೋ ಇದೆ. ಮೊದಲ ಕೀರ್ತನೆಗೇ ತೂಕಡಿಸಿದರೂ ಏನೋ ಇದೆ. ಬಾಯಿ ಹೇಳದ್ದನ್ನು ಬೆಂಚು ಹೇಳುತ್ತದೆ.

ಒಂದು ನೋಟ್‌ಬುಕ್ ಇಟ್ಟೆ. ಬೆಳಗಿನ ಪ್ರಾರ್ಥನೆ, ಬಲಿಪೂಜೆ (ಮಾಸ್), ಸಂಜೆ ಪ್ರಾರ್ಥನೆ, ಈ ಮೂರಕ್ಕೆ ಮಾತ್ರ. ಬಂದವರಿಗೆ ಚುಕ್ಕಿ, ಎದ್ದು ಹೋದವರಿಗೆ ಬಾಣ, ತೂಕಡಿಸಿದವರಿಗೆ ಸೊನ್ನೆ, ಬಾರದವರಿಗೆ ಅಡ್ಡಗೆರೆ. ಇನ್ನೂ ಎರಡು ಗುರುತು ಇವೆ, ಅವು ನನ್ನವು, ಹೇಳುವುದಿಲ್ಲ.

ಡಾಕ್ಟರು ನಕ್ಕರು. ‘ಇದು ಭಕ್ತಿಯ ಲೆಕ್ಕ, ನರ್ಸಿಂಗ್ ಅಲ್ಲ’ ಅಂದರು. ಅವರಿಗೆ ಸಿಸ್ಟರ್‌ಗಳು ಅಂದ ಕೂಡಲೇ ನೆನಪಾಗುವುದು ಮುಪ್ಪು, ಮರೆವಿನ ಕಾಯಿಲೆ ಬಗ್ಗೆ ಅಮೆರಿಕದಲ್ಲಿ ನಡೆದ ‘ನನ್ ಸ್ಟಡಿ’ ಅನ್ನುವ ಹೆಸರಾಂತ ಅಧ್ಯಯನ. 1986ರಲ್ಲಿ ಡೇವಿಡ್ ಸ್ನೋಡನ್ ಶುರು ಮಾಡಿದ್ದು. 75 ದಾಟಿದ 678 ಸಿಸ್ಟರ್‌ಗಳು ಸತ್ತ ಮೇಲೆ ತಮ್ಮ ಮೆದುಳನ್ನು ಪರೀಕ್ಷೆಗೆ ಕೊಡಲು ಒಪ್ಪಿದ್ದರು. ಮೆದುಳನ್ನೇ ಕೊಡುತ್ತಾರೆ ಡಾಕ್ಟ್ರೇ, ಮಂಡಿ ನೋಯುತ್ತದೆ ಅಂತ ಮಾತ್ರ ಹೇಳುವುದಿಲ್ಲ ಅಂದೆ.

ಮದರ್ ಹೆದರಿಕೆ ಬೇರೆ. ತಮ್ಮ ಭಕ್ತಿಯನ್ನು ಯಾರೋ ಅಳೆಯುತ್ತಿದ್ದಾರೆ ಅಂತ ಸಿಸ್ಟರ್‌ಗಳಿಗೆ ಅನ್ನಿಸಿದರೆ? ಅನ್ನಿಸಿತು ಕೂಡ. ಎರಡನೇ ವಾರ ಹೇಗೋ ಸುದ್ದಿ ಹೋಗಿ, ಜ್ವರ ಇದ್ದವರೂ ಎದ್ದು ಬಂದು ಕೂತರು. ಹಾಜರಿ ನೂರಕ್ಕೆ ನೂರು, ನನ್ನ ಲೆಕ್ಕ ಹಾಳು. ಪುಸ್ತಕ ಮುಚ್ಚಿಟ್ಟು, ಸುಮಾರು ದಿನ ಬಿಟ್ಟು, ಮತ್ತೆ ಶುರು ಮಾಡಿದೆ. ಈ ಸಲ ಬೆಂಚಿನಲ್ಲಿ ಏನೂ ಬರೆಯದೆ, ನೋಡಿ ನೆನಪಿಟ್ಟುಕೊಂಡು ರೂಮಿಗೆ ಬಂದು ಗುರುತು ಹಾಕುವುದು. ಆಗ ಮದರ್‌ಗೆ ಮಾತ್ರ ಗೊತ್ತಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಬಾಣಗಳು. ಬೆಳಗಿನ ಬಲಿಪೂಜೆಯಲ್ಲಿ ಏಳೆಂಟು ಮಂದಿ ಎದ್ದು ಹೋಗುತ್ತಿದ್ದರು, ಹೆಚ್ಚುಕಡಿಮೆ ಅದೇ ಏಳೆಂಟು ಮಂದಿ. ಚಾರ್ಟ್ ತೆಗೆದು ನೋಡಿದರೆ ಎಲ್ಲರಿಗೂ ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆ, ಎಲ್ಲರಿಗೂ ಬೆಳಗ್ಗೆ ಎದ್ದ ತಕ್ಷಣ. ಕೊಡುತ್ತಿದ್ದವರು ನಾವೇ! ಡಾಕ್ಟರನ್ನು ಒಪ್ಪಿಸಿ ಪೂಜೆ ಮುಗಿದ ಮೇಲಕ್ಕೆ ಹಾಕಿಸಿದೆ. ಜೊತೆಗೆ ಪ್ರತಿ ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಆಯಾ ಹೋಗಿ ‘ಬನ್ನಿ ಸಿಸ್ಟರ್, ಬಾತ್‌ರೂಮಿಗೆ ಹೋಗಿ ಬರೋಣ’ ಅನ್ನಬೇಕು. ‘ಹೋಗಬೇಕಾ?’ ಅಂತ ಕೇಳಬಾರದು, ಕೇಳಿದರೆ ಬೇಡ ಅನ್ನುತ್ತಾರೆ. ಡೈಪರ್ ಬಿಲ್ ಮೂರನೇ ಒಂದು ಭಾಗ ಇಳಿಯಿತು. ಅಲ್ಲಿಗೆ ಬೊಕ್ಕಸದ ಸಿಸ್ಟರ್ ನನ್ನ ಕಡೆ ತಿರುಗಿದರು.

ಸೊನ್ನೆಗಳಿಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ತೂಕಡಿಸುವವರ ಪಟ್ಟಿ, ನಿದ್ದೆ ಮಾತ್ರೆಯ ಪಟ್ಟಿ ಎರಡೂ ಒಂದೇ. ವಯಸ್ಸಾದವರಿಗೆ ಆ ಮಾತ್ರೆ ಬೇಡ ಅಂತ ಬೀರ್ಸ್ ಪಟ್ಟಿ (ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿ) ಹೇಳುತ್ತಲೇ ಇದೆ. ಒಮ್ಮೆಲೇ ನಿಲ್ಲಿಸದೆ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಡಜನ್ ಹತ್ತಿರ ಇದ್ದವರು ಮೂರ್ನಾಲ್ಕಕ್ಕೆ ಬಂದರು. ಬೀಳುವುದು ಅರ್ಧದಷ್ಟು ಕಡಿಮೆಯಾದದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ಲೆಕ್ಕ. ಡಾಕ್ಟರು ಬೇರೆ ಕಾರಣ ಹೇಳುತ್ತಾರೆ. ಹೇಳಲಿ.

ಇನ್ನು ನಿಲ್ಲುವ ವಿಷಯ. ಸಂಜೆ ಪ್ರಾರ್ಥನೆಯಲ್ಲಿ ಮರಿಯಮ್ಮನ ಸ್ತುತಿಗೀತೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಕೈಗಳನ್ನು ನೋಡಿ. ಕೆಲವರ ಬೆರಳು ಮುಂದಿನ ಬೆಂಚನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆ ಅಂದರೆ ಗೆಣ್ಣು ಬಿಳಿಚಿಕೊಂಡಿರುತ್ತದೆ, ಹಾಡು ನಿಂತಿರುತ್ತದೆ, ತುಟಿ ಮಾತ್ರ ಆಡುತ್ತಿರುತ್ತದೆ. ಅಂಥವರಿಗೆ ಮಲಗಿದಾಗ ಒಮ್ಮೆ, ನಿಂತ 3 ನಿಮಿಷದೊಳಗೆ ಒಮ್ಮೆ ಬಿ.ಪಿ. ನೋಡಿದೆ. ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿದವರು ಆರೇಳು ಮಂದಿ ಸಿಕ್ಕರು. ಮಾತ್ರೆ ಬದಲಾಯಿತು. ಮಂಚದಿಂದ ಏಳುವ ಮುಂಚೆ ಅಂಚಿನಲ್ಲಿ ಕೂತು ಜಪಸರದ ಹತ್ತು ಮಣಿ ಮುಗಿಸಿ ಏಳಿ ಅಂತ ಹೇಳಿಕೊಟ್ಟೆ. ನಿಮಿಷದ ಲೆಕ್ಕ ಹೇಳಿದರೆ ಒಬ್ಬರೂ ಕೂರುತ್ತಿರಲಿಲ್ಲ.

ಬೆಳಗ್ಗೆ ತಲೆ ಸುತ್ತುತ್ತಿದ್ದ ಸಕ್ಕರೆ ಕಾಯಿಲೆಯವರದು ಬೇರೆಯೇ ಕಥೆ. ಇವರು ಚಿಕ್ಕವರಿದ್ದಾಗ ಪರಮಪ್ರಸಾದಕ್ಕೆ (ಬಲಿಪೂಜೆಯಲ್ಲಿ ಕೊಡುವ ರೊಟ್ಟಿಯ ಪ್ರಸಾದ) ಮುಂಚೆ ಮಧ್ಯರಾತ್ರಿಯಿಂದ ಉಪವಾಸ. 1957ರಲ್ಲಿ ಅದು ಮೂರು ಗಂಟೆಯಾಯಿತು, 1964ರಲ್ಲಿ ಒಂದು ಗಂಟೆ. ಆದರೂ ಕೆಲವರು ಹಳೆಯದನ್ನೇ ಗುಟ್ಟಾಗಿ ನಡೆಸುತ್ತಿದ್ದರು. ನಾನು ಹೇಳಿ ಹೇಳಿ ಸೋತೆ. ಕೊನೆಗೆ ಫಾದರ್ 1983ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 919ನೇ ವಿಧಿಯನ್ನು ಚಾಪೆಲ್‌ನಲ್ಲೇ ಓದಿದರು. ವಯಸ್ಸಾದವರು, ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದು ಅಂತ ಅದರಲ್ಲಿದೆ. ನೋಡಿಕೊಳ್ಳುವವರು ಅಂದರೆ ನಾವೂ ಸೇರಿ. ಮಾರನೇ ದಿನದಿಂದ ಬಿಸ್ಕತ್ ಖರ್ಚಾಗತೊಡಗಿತು. ಮಾತು ಒಂದೇ, ಯಾರ ಬಾಯಿಂದ ಬರುತ್ತದೆ ಅನ್ನುವುದು ಮುಖ್ಯ ಅಲ್ವಾ.

ನಡುವೆ ಒಂದು ಪ್ರಯೋಗ ಕೈಕೊಟ್ಟಿತು. ಚಾಪೆಲ್‌ನ ಪ್ರಾರ್ಥನೆ ರೂಮಿನಲ್ಲೂ ಕೇಳಲಿ ಅಂತ ದಾನಿಗಳೊಬ್ಬರು ಸ್ಪೀಕರ್ ಹಾಕಿಸಿಕೊಟ್ಟರು. ತಿಂಗಳೊಳಗೆ ಅಡ್ಡಗೆರೆ ಎರಡರಷ್ಟಾಯಿತು. ‘ಇಲ್ಲೇ ಕೇಳುತ್ತಲ್ಲ ಸಿಸ್ಟರ್’ ಅಂತ ಆಯಾಗಳು ವೀಲ್‌ಚೇರ್ ಎಳೆಯುವುದನ್ನೇ ಬಿಟ್ಟಿದ್ದರು. ಸ್ಪೀಕರ್ ವೈರ್ ಕಿತ್ತೆ. ದಾನಿಗಳು ಬಂದ ದಿನ ಮಾತ್ರ ಸಿಕ್ಕಿಸುತ್ತೇವೆ. ಇನ್ನೊಂದು ಪ್ರಯೋಗ ಸುಮ್ನೆ ಮಾಡಿದ್ದು, ಚೆನ್ನಾಗಿ ಹತ್ತಿತು. ಮರೆವು ಬಂದು ಮಾತೇ ನಿಂತ ಒಬ್ಬ ಸಿಸ್ಟರ್ ಸ್ನಾನ ಅಂದರೆ ಹೊಡೆಯಲು ಬರುತ್ತಿದ್ದರು. ನೀರು ಹಾಕುವ ಮುಂಚೆ ಆಯಾ ‘ನಮೋ ಮರಿಯಾ’ ಪ್ರಾರ್ಥನೆ ಶುರು ಮಾಡಿದಳು. ಉಳಿದರ್ಧ ಅವರೇ ಹೇಳಿದರು, ಕೈ ತಾನಾಗಿ ಎದೆಗೆ ಹೋಯಿತು. ಎಲ್ಲರಿಗೂ ಇದು ಆಗುವುದಿಲ್ಲ. ಇನ್ನೊಬ್ಬರಿಗೆ ಮಾಡಿ ಪೆಟ್ಟು ತಿಂದಿದ್ದೇವೆ.

ನೋವಿದೆ ಅಂತ ಬಾಯಿ ಬಿಡಿಸುವುದಕ್ಕೆ ನನ್ನ ಹತ್ತಿರ ಒಂದು ಪ್ರಶ್ನೆ ಇದೆ. ಅದನ್ನು ಬರೆಯುವುದಿಲ್ಲ. ಸಿಸ್ಟರ್‌ಗಳೂ ಓದುತ್ತಾರೆ, ಗೊತ್ತಾದ ದಿನ ಅದು ಕೆಲಸ ಮಾಡುವುದಿಲ್ಲ.

ಈಗ ಡಾಕ್ಟರು ರೌಂಡ್ಸ್‌ಗೆ ಬಂದಾಗ ಚಾರ್ಟಿಗಿಂತ ಮೊದಲು ‘ಬಾಣ ಎಷ್ಟು?’ ಅಂತ ಕೇಳುತ್ತಾರೆ. ಹಾಸಿಗೆ ಹಿಡಿದ ಐದಾರು ಮಂದಿಗೆ ಮಾತ್ರ ಈ ಪುಸ್ತಕ ಉಪಯೋಗವಿಲ್ಲ. ಅವರಿಗೆ ಫಾದರ್ ಪ್ರಸಾದದ ಚೂರನ್ನು ರೂಮಿಗೇ ತರುತ್ತಾರೆ. ನುಂಗಲಾಗದವರಿಗೆ ದ್ರಾಕ್ಷಾರಸದ ಒಂದು ಹನಿ, ಅದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ನನಗೆ ಅವರನ್ನೂ ಚಾಪೆಲ್‌ಗೆ ತರುವ ಆಸೆ. ಬಾಗಿಲು ಮಂಚ ಹಿಡಿಸುವಷ್ಟು ಅಗಲ ಇಲ್ಲ. ಗೋಡೆ ಒಡೆಯಬೇಕು ಅಂತ ಹೋದ ವಾರ ಬೊಕ್ಕಸದ ಸಿಸ್ಟರ್ ಹತ್ತಿರ ಹೋದೆ. ಈ ಸಲ ಅವರು ಎಷ್ಟು ಅಂತ ಮಾತ್ರ ಕೇಳಿದರು, ಯಾಕೆ ಅಂತ ಕೇಳಲಿಲ್ಲ.