ಯೊಕೊಹಾಮಾದ ಕನಜಾವಾ ತೀರದಲ್ಲಿ ಕಪ್ಪೆಚಿಪ್ಪು ಹೆಕ್ಕುವ ಕ್ರಮ

ಯೊಕೊಹಾಮಾದ ದಕ್ಷಿಣ ತುದಿಯ ಕನಜಾವಾ ವಾರ್ಡ್‌ನ ಕರಾವಳಿ ಬಹುಪಾಲು ಕಡಲನ್ನು ತುಂಬಿಸಿ ಪಡೆದ ನೆಲ. ನಗರದೊಳಗಿದ್ದ ಕಾರ್ಖಾನೆಗಳನ್ನು ಇಲ್ಲಿಗೆ ತಂದು, ಅವಕ್ಕೂ ನಮಿಕಿ ಬಡಾವಣೆಯ ವಸತಿ ಕಟ್ಟಡಗಳಿಗೂ ನಡುವೆ ಮರಗಳನ್ನು ಬೆಳೆಸಿದರು. ಆ ಯೋಜನೆಯಲ್ಲೇ ಮರಳು ಸುರಿದು ಮಾಡಿದ ಸುಮಾರು 1 ಕಿ.ಮೀ. ಉದ್ದದ ತೀರ, ಉಮಿ ನೊ ಕೊಯೆನ್. ಅಸಾರಿ ಎಂಬ ಕಪ್ಪೆಚಿಪ್ಪು ಇಲ್ಲಿ ತಾನಾಗಿ ನೆಲೆಯೂರಿದೆ. ಹೆಕ್ಕಲು ಶುಲ್ಕವಿಲ್ಲ.

ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ಚಳಿಗಾಲದಲ್ಲಿ ದೊಡ್ಡ ಇಳಿತ ರಾತ್ರಿ ಬರುತ್ತದೆ, ವಸಂತದಲ್ಲಿ ಹಗಲಿಗೆ ಸರಿಯುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನ ಆರಿಸಿ, ಪೂರ್ಣ ಇಳಿತಕ್ಕೆ 2 ಗಂಟೆ ಮೊದಲೇ ನೀರಂಚಿನಲ್ಲಿರಿ. ತಡವಾಗಿ ಹೋದರೆ ಉಬ್ಬರ ಬೆನ್ನಟ್ಟುತ್ತದೆ. ಚಿಪ್ಪುಮೀನಿನ ವಿಷದ ಎಚ್ಚರಿಕೆ ಫಲಕವಿದ್ದರೆ ಆ ದಿನ ಹೆಕ್ಕಲೇಬೇಡಿ. ಆ ವಿಷ ಬೇಯಿಸಿದರೂ ಹೋಗದು.

ಶಿನ್-ಸುಗಿತಾ ಅಥವಾ ಕನಜಾವಾ-ಹಕ್ಕೆಯಿ ನಿಲ್ದಾಣದಿಂದ ಚಾಲಕರಿಲ್ಲದ ಸೀಸೈಡ್ ಲೈನ್ ರೈಲು ಹಿಡಿದು ಉಮಿ-ನೊ-ಕೊಯೆನ್-ಶಿಬಾಗುಚಿಯಲ್ಲಿ ಇಳಿಯಿರಿ. ಶಿನ್-ಸುಗಿತಾ ಕಡೆಯಿಂದ ಬಂದರೆ ಮನೆಗಳು, ಕಾರ್ಖಾನೆಗಳು, ಕಡಲು ಮೂರೂ ಒಂದೇ ಪಯಣದಲ್ಲಿ ಕಾಣುತ್ತವೆ. ಮುಂದಿನ ಸೀಟು ಸಿಕ್ಕರೆ ಬಿಡಬೇಡಿ.

15 ಸೆಂ.ಮೀ.ಗಿಂತ ಅಗಲದ ಹಲುಬೆ ಇಲ್ಲಿ ನಿಷಿದ್ಧ. ಸಣ್ಣ ಕೈಹಲುಬೆಯಿಂದ 5ರಿಂದ 10 ಸೆಂ.ಮೀ. ಆಳ ಕೆರೆಯಿರಿ. ಒಂದು ಸಿಕ್ಕ ಕಡೆ ಸುತ್ತ ಇನ್ನಷ್ಟು ಇರುತ್ತವೆ, ಜಾಗ ಬದಲಿಸುತ್ತ ಓಡಾಡಬೇಡಿ. 2 ಸೆಂ.ಮೀ. ಮೀರದ ಮರಿಗಳನ್ನು ಅಲ್ಲೇ ಮರಳಿಗೆ ಬಿಡಿ. ತಲಾ 2 ಕಿಲೋ ಮಿತಿ. ಯಾರೂ ಬಿತ್ತದ ಬೆಳೆ ಉಳಿಯುವುದು ಈ ಎರಡು ನಿಯಮಗಳಿಂದಲೇ. ಬರಿಗಾಲಲ್ಲಿ ನೀರಿಗಿಳಿಯಬೇಡಿ, ಮುಳ್ಳುಬಾಲದ ತೊರಕೆ ಮೀನು ಮರಳಲ್ಲಿ ಹುದುಗಿರಬಹುದು.

ಹೆಚ್ಚಿನವರು ಎಡವುವುದು ಮನೆಗೆ ಬಂದ ಮೇಲೆ. ಚಿಪ್ಪುಗಳನ್ನು ನೀರಿಲ್ಲದೆ ತಂಪುಪೆಟ್ಟಿಗೆಯಲ್ಲಿ ತನ್ನಿ. ಮಂಜುಗಡ್ಡೆ ಕರಗಿದ ಸಿಹಿನೀರು ತಾಗಿದರೆ ಸಾಯುತ್ತವೆ. ಅವು ಒಳಗಿನ ಮರಳನ್ನು ಉಗುಳಲು ಉಪ್ಪುನೀರು ಬೇಕು: ಬಾಟಲಿಯಲ್ಲಿ ಕಡಲನೀರನ್ನೂ ತನ್ನಿ, ಇಲ್ಲವೇ ಲೀಟರಿಗೆ 30 ಗ್ರಾಂ ಉಪ್ಪು ಕದಡಿ. ಅಗಲ ತಟ್ಟೆಯಲ್ಲಿ ಜರಡಿಯಿಟ್ಟು ಒಂದೇ ಪದರವಾಗಿ ಹರಡಿ; ಉಗುಳಿದ ಮರಳು ಕೆಳಗಿಳಿಯುತ್ತದೆ, ಮತ್ತೆ ಒಳಸೇರದು. ನೀರು ಚಿಪ್ಪಿನ ಮೇಲ್ತುದಿ ಮುಟ್ಟುವಷ್ಟೇ ಇರಲಿ, ಹೆಚ್ಚಾದರೆ ಉಸಿರುಕಟ್ಟುತ್ತದೆ. ಮೇಲೆ ಕಾಗದ ಮುಚ್ಚಿ ಕತ್ತಲೆ ಮಾಡಿ. ಫ್ರಿಜ್‌ನ ಚಳಿಗೆ ಅವು ಬಾಯಿ ಬಿಡುವುದೇ ಇಲ್ಲ. 20 ಡಿಗ್ರಿಯ ಆಸುಪಾಸು ಸಾಕು. ಕನಿಷ್ಠ 3 ಗಂಟೆಯ ನಂತರ ನೀರಿನಿಂದ ತೆಗೆದು ಒಂದು ಗಂಟೆ ಬಿಟ್ಟರೆ ಒಳಗಿನ ಉಪ್ಪುನೀರನ್ನೂ ಕಕ್ಕುತ್ತವೆ. ತಟ್ಟಿದರೂ ಮುಚ್ಚಿಕೊಳ್ಳದವನ್ನು, ನಾರುವವನ್ನು ಬೇಯಿಸುವ ಮೊದಲೇ ಎಸೆಯಿರಿ.